ತೆರವಾದ ಮನೆಯನ್ನು ಕಾಣುವುದು: ಚದುರಂಗದ ಎಣಿಕೆಯನ್ನು ಕಲಿಸುವ ಬೋಧನಾಭ್ಯಾಸ ಪಾಠ

ಚದುರಂಗ ಆಡುವ ಮಗುವನ್ನು ಕಂಡೊಡನೆ ‘ಎಷ್ಟು ನಡೆ ಮುಂದಕ್ಕೆ ನೋಡ್ತೀಯ?’ ಎಂದು ಕೇಳುವುದು ರೂಢಿ. ಬೋಧನಾಭ್ಯಾಸಕ್ಕೆ ಹೋದ ಪ್ರಶಿಕ್ಷಣಾರ್ಥಿಗಳೂ ಚದುರಂಗಕ್ಕೆ ಒಂದು ಅವಧಿ ಸಿಕ್ಕಿತೆಂದರೆ ಈ ಪ್ರಶ್ನೆಯಿಂದಲೇ ಶುರು ಮಾಡುತ್ತಾರೆ. ಒಂದು ಮಗು ‘ಮೂರು’ ಎನ್ನುತ್ತದೆ, ಇನ್ನೊಂದು ‘ಐದು’ ಎನ್ನುತ್ತದೆ, ತರಗತಿ ನಗುತ್ತದೆ, ಪಾಠ ಮುಂದೆ ಸಾಗುತ್ತದೆ. ಆ ಉತ್ತರಗಳಿಂದ ಶಿಕ್ಷಕರಿಗೆ ಏನೂ ತಿಳಿದಿರುವುದಿಲ್ಲ. ಐದು ನಡೆ ನೋಡಿದೆನೆಂದ ಮಗು ಮೊದಲನೇ ನಡೆಯಾದ ಮೇಲಿನ ಮಣೆಯನ್ನೇ ತಪ್ಪಾಗಿ ಕಂಡಿರಬಹುದು. ಆಗ ಉಳಿದ ನಾಲ್ಕು ನಡೆಗಳು ಇಲ್ಲದ ಊರಿಗೆ ಕೇಳಿದ ದಾರಿ.

ಕಾಯಿಗಳ ನಡೆ ಬಲ್ಲ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ನಾಲ್ಕೈದು ಅವಧಿಗಳಲ್ಲಿ ಮಾಡಬಹುದಾದ ಪಾಠ ಇಲ್ಲಿದೆ. ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ, ಹಂಗಳ, ಮೇಲುಕಾಮನಹಳ್ಳಿಯಂಥ ಊರುಗಳ ಶಾಲೆಗಳಿಗೆ ಹೊರಟವರು ಮೊದಲು ವಿಚಾರಿಸುವುದು ‘ಅಲ್ಲಿ ಮಣೆ ಎಷ್ಟಿವೆ?’ ಎಂದು. ಇಡೀ ಶಾಲೆಗೆ ಒಂದೇ ಮಣೆಯಿದ್ದರೂ, ಅದರಲ್ಲಿ ಒಂದು ಒಂಟೆ ಕಳೆದು ಅದರ ಜಾಗಕ್ಕೆ ಬಾಟಲಿ ಮುಚ್ಚಳ ಬಂದಿದ್ದರೂ ಈ ಪಾಠಕ್ಕೆ ಅಡ್ಡಿಯಿಲ್ಲ. ಇದರ ಹೆಚ್ಚಿನ ಭಾಗ ಮಣೆಯಿಲ್ಲದೆಯೇ ನಡೆಯಬೇಕಾದದ್ದು. ಮಣೆ ಇದ್ದಾಗ ಚುರುಕಾದ ನಾಲ್ಕು ಮಕ್ಕಳು ಅದರ ಸುತ್ತ ಕೂರುತ್ತಾರೆ, ಉಳಿದವರು ಅವರ ಬೆನ್ನು ನೋಡುತ್ತಾರೆ.

ಎದ್ದು ಹೋದ ಕುದುರೆ

ಈ ಸ್ಥಿತಿಯನ್ನು ನೋಡಿ. ಬಿಳಿಯ ರಾಜ ಜಿ1ರಲ್ಲಿ, ಆನೆ ಎ1ರಲ್ಲಿ, ಕುದುರೆ ಎ4ರಲ್ಲಿ, ಕಾಲಾಳುಗಳು ಎಫ್2, ಜಿ2, ಎಚ್2ರಲ್ಲಿ. ಕಪ್ಪು ರಾಜ ಜಿ8ರಲ್ಲಿ, ಆನೆ ಎ8ರಲ್ಲಿ, ಕಾಲಾಳುಗಳು ಎಫ್7, ಜಿ7, ಎಚ್7ರಲ್ಲಿ, ಇನ್ನೊಂದು ಸಿ5ರಲ್ಲಿ. ನಡೆ ಬಿಳಿಯದು. (ಚಿತ್ರ ಕೊಟ್ಟಿಲ್ಲ. ಮಕ್ಕಳಿಗೆ ಹೇಳುವ ಕೆಲಸವನ್ನು ಓದುವವರೂ ಒಮ್ಮೆ ಮಾಡಿ ನೋಡಲಿ.)

ಸಿ5ರ ಕಾಲಾಳಿಗೆ ಕಾವಲಿಲ್ಲ. ಕುದುರೆ ಎ4ರಿಂದ ಸಿ5ಕ್ಕೆ ಹಾರಿ ಅದನ್ನು ಹೊಡೆಯಬಹುದು. ಹೆಚ್ಚಿನ ಮಕ್ಕಳು ಹೊಡೆಯುತ್ತಾರೆ. ಹೊಡೆದ ಮರುಕ್ಷಣ ಕಪ್ಪು ಆನೆ ಎ8ರಿಂದ ನೇರ ಇಳಿದು ಎ1ರ ಆನೆಯನ್ನು ಹೊಡೆದು ಚೆಕ್ ಕೊಡುತ್ತದೆ. ರಾಜನ ಮುಂದೆ ಅವನದೇ ಮೂರು ಕಾಲಾಳುಗಳಿವೆ, ನಡುವೆ ಅಡ್ಡ ಇಡಲು ಯಾವ ಕಾಯಿಯೂ ಇಲ್ಲ. ಆಟ ಮುಗಿಯಿತು. ಕಾರಣ ಕೇಳಿದರೆ ಮಗು ಹೇಳುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: ‘ನಮ್ ಕುದುರೆ ಅಡ್ಡ ಅದಲ್ಲಾ ಸಾ, ಅಂತ ಅಂದ್ಕೊಂಡೆ.’

ಈ ಉತ್ತರವನ್ನು ಪ್ರಶಿಕ್ಷಣಾರ್ಥಿಗಳು ಬರೆದಿಟ್ಟುಕೊಳ್ಳಬೇಕು. ಕುದುರೆ ಸಿ5ಕ್ಕೆ ಹೋದದ್ದನ್ನು ಮಗು ಕಂಡಿದೆ. ಎ4 ಖಾಲಿಯಾದದ್ದನ್ನು ಕಂಡಿಲ್ಲ. ಅದರ ಮನಸ್ಸಿನ ಮಣೆಯಲ್ಲಿ ಒಂದೇ ಕುದುರೆ ಎರಡು ಕಡೆ ನಿಂತಿದೆ. ರಷ್ಯದ ಗ್ರ್ಯಾಂಡ್‌ಮಾಸ್ಟರ್ ಹಾಗೂ ಮನೋವಿಜ್ಞಾನಿ ನಿಕೊಲಾಯ್ ಕ್ರೊಗಿಯಸ್ ಇಂಥ ದೋಷವನ್ನು ಉಳಿದುಹೋದ ಚಿತ್ರ ಎಂದು ಗುರುತಿಸಿದ್ದಾರೆ. ನುರಿತ ಆಟಗಾರರಿಗೂ ಅದು ತಪ್ಪಿದ್ದಲ್ಲ. ಆದ್ದರಿಂದ ಮಗುವಿಗೆ ‘ಸರಿಯಾಗಿ ಯೋಚನೆ ಮಾಡು’ ಎಂದು ಗದರುವುದು ವ್ಯರ್ಥ. ಅದು ಯೋಚನೆ ಮಾಡಿದೆ, ಹಳೆಯ ಚಿತ್ರದ ಮೇಲೆ ಮಾಡಿದೆ.

ಈ ಪಾಠದ ಕಲಿಕಾಂಶ ಇಷ್ಟೇ: ಪ್ರತಿ ನಡೆಯಾದ ಮೇಲೆ ತೆರವಾದ ಮನೆಯನ್ನು ಕಾಣುವುದು. ಎಷ್ಟು ನಡೆ ಮುಂದೆ ಎಂಬುದು ಆಮೇಲಿನ ಮಾತು. ಶಿಕ್ಷಕರ ಬಾಯಲ್ಲಿರುವ ‘ಮುಂದಿನ ನಡೆ ಯಾವುದು?’ ಎಂಬ ಪ್ರಶ್ನೆ ಹಿಂದಕ್ಕೆ ಸರಿದು ‘ಈಗ ಯಾವ ಮನೆ ಖಾಲಿ? ಯಾವ ಸಾಲು ತೆರೆಯಿತು?’ ಎಂಬುದು ಮುಂದೆ ಬರಬೇಕು. ಇದು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಸೂಕ್ಷ್ಮಬೋಧನೆಯಲ್ಲಿ ಮಾಡಿ ನೋಡಿದರೆ ಹಳೆಯ ಪ್ರಶ್ನೆ ಎಷ್ಟು ಸಲ ತಾನಾಗಿ ಬಾಯಿಗೆ ಬರುತ್ತದೆ ಎಂಬುದು ಗೊತ್ತಾಗುತ್ತದೆ.

ಮನಸ್ಸಿನಲ್ಲಿ ಮಣೆ ಕಾಣುವುದೆಂದರೆ ಫೋಟೋ ತೆಗೆದಂತೆ ಎಂಬ ಕಲ್ಪನೆ ಹಳೆಯದು. ನಮ್ಮ ಮನೋವಿಜ್ಞಾನ ಪತ್ರಿಕೆಯಲ್ಲಿ ಬುದ್ಧಿಮಾಪನದ ಅಧ್ಯಾಯದಲ್ಲಿ ಬರುವ ಆಲ್ಫ್ರೆಡ್ ಬಿನೆ, ಆ ಪರೀಕ್ಷೆ ರೂಪಿಸುವುದಕ್ಕೆ ಹತ್ತು ವರ್ಷ ಮೊದಲೇ, 1894ರಲ್ಲಿ, ಮಣೆ ನೋಡದೆ ಆಡುವವರ ಬಗ್ಗೆ ಬರೆದಿದ್ದರು. ಅಂಥ ಆಟಗಾರರಿಗೆ ಕಾಯಿಯ ಬಣ್ಣ, ಆಕಾರ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ; ಯಾವ ಕಾಯಿ ಯಾವುದನ್ನು ತಡೆಯುತ್ತಿದೆ, ಯಾವುದರ ಮೇಲೆ ಬೀಳುತ್ತಿದೆ ಎಂಬ ಸಂಬಂಧ ಕಾಣುತ್ತಿತ್ತು. ಡಚ್ ಮನೋವಿಜ್ಞಾನಿ ಡಿ ಗ್ರೂಟ್ 1946ರಲ್ಲಿ, ಆಮೇಲೆ ಚೇಸ್ ಮತ್ತು ಸೈಮನ್ 1973ರಲ್ಲಿ ತೋರಿಸಿದ್ದೂ ಅದೇ ದಿಕ್ಕಿನದು. ನಿಜವಾದ ಆಟದ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರೆ ಪಳಗಿದ ಆಟಗಾರ ಬಹುಪಾಲು ಕಾಯಿಗಳನ್ನು ಸರಿಯಾಗಿ ಮರಳಿ ಇಡುತ್ತಾನೆ; ಕಾಯಿಗಳನ್ನು ಮನಬಂದಂತೆ ಹರಡಿ ತೋರಿಸಿದರೆ ಅವನ ಮೇಲುಗೈ ಬಹಳಮಟ್ಟಿಗೆ ಅಳಿದುಹೋಗುತ್ತದೆ. ನೆನಪು ನಿಲ್ಲುವುದು ಸಂಬಂಧಗಳ ಮೇಲೆ. ‘ಕಣ್ಣು ಮುಚ್ಚಿ ಮಣೆಯ ಚಿತ್ರ ತಂದುಕೊಳ್ಳಿ’ ಎಂದು ಮಕ್ಕಳನ್ನು ಧ್ಯಾನಕ್ಕೆ ಕೂರಿಸುವುದರಿಂದ ಫಲ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಸಂಬಂಧವನ್ನು ಬಾಯಿಬಿಟ್ಟು ಹೇಳಿಸಬೇಕು.

ಮನೆಗಳಿಗೆ ಹೆಸರು

ಬಾಯಿಬಿಟ್ಟು ಹೇಳಬೇಕಾದರೆ ಅರವತ್ತನಾಲ್ಕು ಮನೆಗಳಿಗೂ ಕಿವಿಗೆ ಗೊಂದಲವಾಗದ ಹೆಸರು ಬೇಕು. ಬಿ, ಸಿ, ಡಿ, ಜಿ ಎಂಬವು ಹಿಂದಿನ ಬೆಂಚಿಗೆ ಒಂದೇ ಥರ ಕೇಳಿಸುತ್ತವೆ. ಈ ತೊಂದರೆಗೆ ಅಂತಾರಾಷ್ಟ್ರೀಯ ನಿಯಮಾವಳಿಯಲ್ಲೇ ಪರಿಹಾರವಿದೆ. ದೃಷ್ಟಿದೋಷವುಳ್ಳವರ ಆಟದಲ್ಲಿ ನಡೆಗಳನ್ನು ಗಟ್ಟಿಯಾಗಿ ಹೇಳಬೇಕು. ಅಲ್ಲಿ ಎಂಟು ಕಂಬಸಾಲುಗಳಿಗೆ ಅನ್ನಾ, ಬೆಲ್ಲಾ, ಸೀಸರ್, ಡೇವಿಡ್, ಈವಾ, ಫೆಲಿಕ್ಸ್, ಗುಸ್ತಾವ್, ಹೆಕ್ಟರ್ ಎಂಬ ಹೆಸರುಗಳಿವೆ.

ನಮ್ಮ ತರಗತಿಗೆ ನಮ್ಮ ಹೆಸರುಗಳನ್ನು ಮಕ್ಕಳೇ ಕಟ್ಟಲಿ. ಕಾಡಂಚಿನ ಶಾಲೆಯಲ್ಲಿ ‘ಎ’ ಎಂದೊಡನೆ ‘ಆನೆ’ ಎಂದು ಕೂಗುತ್ತಾರೆ. ಅದು ಬೇಡ, ಮಣೆಯ ಮೇಲೆ ಆಗಲೇ ನಾಲ್ಕು ಆನೆಗಳಿವೆ. ಅಳಿಲು, ಬೆಕ್ಕು, ಸೀಳುನಾಯಿ, ದನ, ಇಲಿ ಎಂದು ಇಡಬಹುದು. ಆರನೆಯದಕ್ಕೆ ಬಂದಾಗ ಕಾಡಿನಲ್ಲಿ ‘ಫ’ ಎಂದು ಶುರುವಾಗುವ ಪ್ರಾಣಿ ಸಿಗುವುದಿಲ್ಲ, ಫಾರೆಸ್ಟ್ ಗಾರ್ಡೇ ಗತಿ. ಆಮೇಲೆ ಜಿಂಕೆ, ಕೊನೆಗೆ ಹುಲಿ. ‘ಕುದುರೆ ಅಳಿಲು ನಾಲ್ಕರಿಂದ ಸೀಳುನಾಯಿ ಐದಕ್ಕೆ’ ಎಂದರೆ ಯಾವ ಮೂಲೆಯಲ್ಲಿ ಕೂತ ಮಗುವಿಗೂ ತಪ್ಪು ಕೇಳಿಸದು. ಎರಡು ವಾರ ಕಳೆದ ಮೇಲೆ ಎ, ಬಿ, ಸಿಗೆ ತಿರುಗಿದರಾಯಿತು.

ತರಗತಿಯಲ್ಲಿ ಕಣ್ಣಿನ ತೊಂದರೆ ಇರುವ ಮಗುವಿದ್ದರೆ ಈ ಪಾಠದಲ್ಲಿ ಅದು ಹಿಂದೆ ಬೀಳಬೇಕಾಗಿಲ್ಲ. ಶಿವಮೊಗ್ಗದ ಕಿಶನ್ ಗಂಗೊಳ್ಳಿಯವರು ದೃಷ್ಟಿದೋಷವುಳ್ಳವರ ವಿಭಾಗದಲ್ಲಿ 2018ರ ಜಕಾರ್ತ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದವರು ಎಂಬುದನ್ನು ಮಕ್ಕಳಿಗೆ ಹೇಳಬೇಕು. ಅವರಾಡುವ ಬಗೆಯ ಮಣೆಯಲ್ಲಿ ಕಪ್ಪು ಮನೆಗಳು ತುಸು ಉಬ್ಬಿರುತ್ತವೆ, ಪ್ರತಿ ಮನೆಗೂ ಕಾಯಿ ಸಿಕ್ಕಿಸಲು ತೂತಿರುತ್ತದೆ. ಮುಟ್ಟಿ ನೋಡಿದರೆ ಕಾಯಿಗಳು ಜಾರುವುದಿಲ್ಲ.

ಹೆಸರಾದ ಮೇಲೆ ಬಣ್ಣ. ಕಂಬಸಾಲಿನ ಕ್ರಮಸಂಖ್ಯೆಯನ್ನೂ ಅಡ್ಡಸಾಲಿನ ಸಂಖ್ಯೆಯನ್ನೂ ಕೂಡಿಸಿ: ಸಮ ಬಂದರೆ ಕಪ್ಪು, ಬೆಸ ಬಂದರೆ ಬಿಳಿ. ಇ4 ಎಂದರೆ 5 ಮತ್ತು 4, ಒಟ್ಟು 9, ಬಿಳಿ. ಐದು ನಿಮಿಷದ ಬಾಯಿಲೆಕ್ಕ ಸಾಕು. ಕುದುರೆ ಪ್ರತಿ ನಡೆಗೂ ಬಣ್ಣ ಬದಲಿಸುತ್ತದೆ ಎಂಬುದನ್ನು ಮಾತ್ರ ಮಕ್ಕಳೇ ಕಂಡುಹಿಡಿಯಲಿ. ಅದರಿಂದ ಒಂದು ಒಳ್ಳೆಯ ಪ್ರಶ್ನೆ ಹುಟ್ಟುತ್ತದೆ. ಎ1ರಿಂದ ಎಚ್8ಕ್ಕೆ ಕುದುರೆ ಕನಿಷ್ಠ ಎಷ್ಟು ನಡೆಯಲ್ಲಿ ಹೋದೀತು? ಅಡ್ಡಕ್ಕೆ ಏಳು, ಮೇಲಕ್ಕೆ ಏಳು, ಒಟ್ಟು ಹದಿನಾಲ್ಕು ಮನೆ ದೂರ. ಒಂದು ನಡೆಗೆ ಹೆಚ್ಚೆಂದರೆ ಮೂರು ಮನೆ. ನಾಲ್ಕು ನಡೆಗೆ ಹನ್ನೆರಡೇ ಆಯಿತು, ಸಾಲದು. ಐದು ಆಗುತ್ತದೆಯೇ? ಎರಡೂ ಮೂಲೆಗಳು ಕಪ್ಪು. ಬೆಸ ಸಂಖ್ಯೆಯ ನಡೆಗಳಲ್ಲಿ ಕುದುರೆ ಬಿಳಿ ಮನೆಯಲ್ಲೇ ಇರುತ್ತದೆ. ಹಾಗಾದರೆ ಆರು. ಎ1, ಸಿ2, ಡಿ4, ಎಫ್5, ಎಚ್4, ಜಿ6, ಎಚ್8 ಎಂದು ಒಬ್ಬರು ಹೇಳುವಾಗ ಉಳಿದವರು ಖಾಲಿ ನೋಟ್ ಪುಸ್ತಕವನ್ನು ನೋಡುತ್ತಾ ತಪ್ಪು ಹಿಡಿಯಬೇಕು. ಇದಾದ ಮೇಲೆ ಎ1ರಿಂದ ಪಕ್ಕದ ಬಿ2ಕ್ಕೆ ಎಷ್ಟು ಎಂದು ಕೇಳಿ. ‘ಎರಡು’ ಎಂದು ಕೈ ಎತ್ತುವವರೇ ಹೆಚ್ಚು. ನಾಲ್ಕು ಬೇಕು: ಬಿ3, ಸಿ5, ಡಿ3, ಬಿ2. ಮೂಲೆ ಎಂಬುದು ಕುದುರೆಗೆ ಎಷ್ಟು ಇಕ್ಕಟ್ಟಿನ ಜಾಗ ಎಂಬುದು ಉಪನ್ಯಾಸವಿಲ್ಲದೆ ತಿಳಿಯುತ್ತದೆ.

ಚೌಕಾಬಾರದ ಮೇಲೆ ಕುದುರೆ

ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದು ಬೈ ಐದರ ಚೌಕಾಬಾರ ಬರೆಯುವುದನ್ನು ನಮ್ಮ ಕಡೆ ಮಗುವಿಗೆ ಹೇಳಿಕೊಡಬೇಕಾಗಿಲ್ಲ. ಅದೇ ಈ ಪಾಠದ ಮುಖ್ಯ ಬೋಧನೋಪಕರಣ. ಕುದುರೆ ಇಪ್ಪತ್ತೈದು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು. ಮುಟ್ಟಿದ ಮನೆಯನ್ನು ಮತ್ತೆ ಮುಟ್ಟುವಂತಿಲ್ಲ. ಕಲ್ಲಿಡುವುದೂ ಬೇಡ, ಒಂದು ಮಗುವೇ ಕುದುರೆಯಾಗಿ ನಡೆಯಲಿ. ಉಳಿದವರು ಗೆರೆಯ ಹೊರಗೆ ಬೆನ್ನು ಹಾಕಿ ನಿಂತು ಮನೆಯ ಹೆಸರು ಕೂಗಿ ನಡೆಸಲಿ. ‘ಬಂದ ಮನೆ’ ಯಾವುದು, ‘ಉಳಿದ ಮನೆ’ ಯಾವುದು ಎಂಬ ಪಟ್ಟಿಯನ್ನು ಇಡೀ ಗುಂಪು ತಲೆಯಲ್ಲಿ ಹಿಡಿಯಬೇಕಾಗುತ್ತದೆ. ತೆರವಾದ ಮನೆಯನ್ನು ನೆನಪಿಡುವುದಕ್ಕೆ ಇದಕ್ಕಿಂತ ನೇರವಾದ ಅಭ್ಯಾಸ ನನಗೆ ಗೊತ್ತಿಲ್ಲ.

ಮೂಲೆಯಿಂದ ಹೊರಟು ನಡುಮನೆಯಲ್ಲಿ ಮುಗಿಯುವ ಒಂದು ದಾರಿ ಇಲ್ಲಿದೆ. ಚೌಕಾಬಾರದಲ್ಲಿ ಕಾಯಿ ಹಣ್ಣಾಗುವುದೂ ಅಲ್ಲಿಯೇ ಆದ್ದರಿಂದ ಮಕ್ಕಳಿಗೆ ಇದು ಬಲು ಇಷ್ಟ.

1 – 14 – 9 – 20 – 3
24 – 19 – 2 – 15 – 10
13 – 8 – 25 – 4 – 21
18 – 23 – 6 – 11 – 16
7 – 12 – 17 – 22 – 5

ಇದನ್ನು ಕಪ್ಪುಹಲಗೆಯ ಮೇಲೆ ಮೊದಲೇ ಬರೆದುಬಿಟ್ಟರೆ ಪಾಠ ಕೆಟ್ಟಿತು. ಮಕ್ಕಳು ಹದಿನೆಂಟು, ಇಪ್ಪತ್ತರವರೆಗೆ ಬಂದು ಸಿಕ್ಕಿಬೀಳಲಿ. ಸಿಕ್ಕಿಬಿದ್ದಾಗ ‘ಯಾವ ಮನೆಗೆ ಬಾಗಿಲು ಕಡಿಮೆ?’ ಎಂದು ಕೇಳಿ. ಮೂಲೆಗೆ ಎರಡೇ ಬಾಗಿಲು, ನಡುಮನೆಗೆ ಎಂಟು. ಬಾಗಿಲು ಕಡಿಮೆಯಿರುವ ಮನೆಗೆ ಮೊದಲು ಹೋಗಬೇಕು ಎಂಬ ಸೂತ್ರವನ್ನು 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಪ್ರಕಟಿಸಿದರು. ಏಳನೇ ತರಗತಿಯ ಮಕ್ಕಳು ಸುಮಾರು ಅರ್ಧ ಅವಧಿಯಲ್ಲಿ ಅಲ್ಲಿಗೆ ಬಂದು ಮುಟ್ಟುತ್ತಾರೆ.

ಇನ್ನೊಂದು ವಿಷಯ. ನಾಲ್ಕು ಬದಿಯ ನಡುವಿನ ಗುಣಿಸು ಗುರುತಿನ ಮನೆಗಳಿಂದ, ನಡುಮನೆಯಿಂದ, ಮೂಲೆಗಳಿಂದ ಹೊರಟರೆ ಪೂರ್ತಿ ಸುತ್ತಬಹುದು. ಆ ಮನೆಗಳಿಗೆ ಬದಿ ತಗುಲಿದಂತಿರುವ ಮನೆಯಿಂದ ಹೊರಟರೆ ಎಷ್ಟು ಹೆಣಗಿದರೂ ಮುಗಿಯದು. ಮಣೆಗೆ ಎರಡು ಬಣ್ಣ ಹಾಕಿ ನೋಡಿದರೆ ಒಂದು ಬಣ್ಣದವು 13, ಇನ್ನೊಂದು ಬಣ್ಣದವು 12. ಕುದುರೆ ಬಣ್ಣ ಬದಲಿಸುತ್ತಲೇ ಹೋಗುವುದರಿಂದ ಹೊರಟ ಬಣ್ಣದ ಮನೆಗಳು 13 ಇರಲೇಬೇಕು. ‘ಆಗುವುದಿಲ್ಲ’ ಎಂಬುದನ್ನು ಪ್ರಯತ್ನಿಸಿ ಸೋಲದೆ, ಕಾರಣ ಕೊಟ್ಟು ಹೇಳಬಹುದು ಎಂಬ ಅನುಭವ ಮಕ್ಕಳಿಗೆ ಗಣಿತದ ತರಗತಿಯಲ್ಲೂ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಕುದುರೆಯ ಈ ನಡಿಗೆ ನಮ್ಮ ಜಿಲ್ಲೆಗೆ ಹೊರಗಿನದಲ್ಲ. ತಂದೆ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರಕ್ಕೆ ಚಾಮರಾಜನಗರ ಎಂದು ಹೆಸರಿಟ್ಟು, ಅಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅರವತ್ತನಾಲ್ಕು ಮನೆಗಳ ಮೇಲೆ ಕುದುರೆಯ ನಡಿಗೆಗಳನ್ನು ರಚಿಸಿದವರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಅದಕ್ಕೂ ಹಿಂದೆ, ಇಂದು ನಮ್ಮ ಜಿಲ್ಲೆಗೆ ಸೇರಿದ ಕೊಳ್ಳೇಗಾಲ ತಾಲ್ಲೂಕಿನ ಸತ್ಯಗಾಲದಲ್ಲಿ ಕೆಲಕಾಲ ನೆಲೆಸಿದ್ದರೆಂದು ಪ್ರತೀತಿಯಿರುವ ವೇದಾಂತ ದೇಶಿಕರು ‘ಪಾದುಕಾಸಹಸ್ರ’ದಲ್ಲಿ ಇದೇ ನಡಿಗೆಯನ್ನು ಪದ್ಯದಲ್ಲಿ ಕಟ್ಟಿದ್ದಾರೆ. ಒಂದು ಶ್ಲೋಕದ 32 ಅಕ್ಷರಗಳನ್ನು ಎಂಟರಂತೆ ನಾಲ್ಕು ಸಾಲಿನಲ್ಲಿ ಬರೆದು ಕುದುರೆಯ ನಡೆಯಲ್ಲಿ ಓದಿದರೆ ಮುಂದಿನ ಶ್ಲೋಕ ಬರುತ್ತದೆ. ಭಾಷಾ ಬೋಧನೆಯವರು ಬೇಕಾದರೆ ಇಲ್ಲಿಂದ ಚೌಕಾಬಾರದ ಇಪ್ಪತ್ತೈದು ಮನೆಗಳಲ್ಲಿ ಒಂದು ಗಾದೆಯನ್ನೋ ಒಗಟನ್ನೋ ಕುದುರೆ ನಡೆಯಲ್ಲಿ ಬಚ್ಚಿಡುವ ಚಟುವಟಿಕೆ ಮಾಡಿಸಬಹುದು.

ದೊಡ್ಡ ಮಣೆಯ ಪೂರ್ತಿ ನಡಿಗೆಯನ್ನು ತರಗತಿಗೆ ಎಳೆದು ತರುವ ಅಗತ್ಯವಿಲ್ಲ. ಆಸಕ್ತರಿಗೆ ಒಂದು ಮಾತು: 1ರಿಂದ 64ರವರೆಗೆ ಕುದುರೆ ಹೆಜ್ಜೆಗೆ ಸಂಖ್ಯೆ ಹಾಕಿದಾಗ ಅಡ್ಡಸಾಲು, ಕಂಬಸಾಲು ಎಲ್ಲವೂ 260 ಬರುವ ನಡಿಗೆಯನ್ನು 1848ರಲ್ಲಿ ಬೆವರ್ಲಿ ಎಂಬವರು ಪ್ರಕಟಿಸಿದರು. ಮೂಲೆಯಿಂದ ಮೂಲೆಗೆ ಕೂಡಿಸಿದರೂ 260 ಬರುವಂಥದ್ದು ಸಾಧ್ಯವೇ ಇಲ್ಲ ಎಂದು ಕಂಪ್ಯೂಟರಿನಿಂದ ಖಚಿತವಾದದ್ದು 2003ರಲ್ಲಿ.

ಬಾಯಲ್ಲಿ ನಡೆಸುವ ಎಣಿಕೆ

ಮೂರನೇ ಅವಧಿಯಲ್ಲಿ ಮತ್ತೆ ಎ4ರ ಕುದುರೆಗೆ ಬರಬೇಕು. ಕಾಯಿಗಳಿರುವ ಜಾಗವನ್ನು ಶಿಕ್ಷಕರು ಎರಡು ಸಲ ನಿಧಾನವಾಗಿ ಓದುತ್ತಾರೆ. ಕಣ್ಣು ಮುಚ್ಚಲೇಬೇಕೆಂದಿಲ್ಲ. ಕೆಲವರಿಗೆ ಖಾಲಿ ಮಣೆ ನೋಡುತ್ತಾ ಎಣಿಸುವುದು ಸಲೀಸು, ಕೆಲವರು ಸೂರು ನೋಡುತ್ತಾರೆ. ಒಂದು ನಡೆ ಹೇಳಿದ ಮೇಲೆ ಮಗು ಮೂರು ವಾಕ್ಯ ಹೇಳಬೇಕು: ಕಾಯಿ ಎಲ್ಲಿಂದ ಎದ್ದಿತು, ಎಲ್ಲಿ ಕೂತಿತು, ಯಾವ ಸಾಲು ತೆರೆಯಿತು ಅಥವಾ ಮುಚ್ಚಿತು.

‘ಕುದುರೆ ಅಳಿಲು ನಾಲ್ಕರಿಂದ ಎದ್ದಿತು ಮಿಸ್.’
‘ಹೂಂ.’
‘ಸೀಳುನಾಯಿ ಐದರಲ್ಲಿ ಕೂತಿತು. ಕಾಲಾಳು ಸತ್ತಿತು.’
‘ಸಾಲು?’
‘ಅಳಿಲು ಸಾಲು ಪೂರ್ತಿ ಖಾಲಿ… ಅಯ್ಯೋ, ಅವರ ಆನೆ ಬಂದ್ಬಿಡ್ತದೆ ಮಿಸ್!’

ಆ ‘ಅಯ್ಯೋ’ ಬರುವವರೆಗೆ ಶಿಕ್ಷಕರು ಕಾಯಬೇಕು. ಮೂರನೇ ವಾಕ್ಯಕ್ಕೆ ಮಗು ತಡವರಿಸಿದಾಗ ಪ್ರಶಿಕ್ಷಣಾರ್ಥಿಯ ಕೈ ತಾನಾಗಿ ಮಣೆಯ ಕಡೆಗೆ ಹೋಗುತ್ತದೆ. ಕಾಯಿಯನ್ನು ನಡೆಸಿ ತೋರಿಸಿದರೆ ಮಗುವಿಗೆ ಉತ್ತರ ಸಿಗುತ್ತದೆ, ಅಭ್ಯಾಸ ಸಿಗುವುದಿಲ್ಲ. ಈ ಅವಧಿಯಲ್ಲಿ ಶಿಕ್ಷಕರು ಕೈ ಕಟ್ಟಿಕೊಂಡು ನಿಲ್ಲುವುದೇ ವಾಸಿ.

ಸಾಲು ಮುಚ್ಚುವುದಕ್ಕೂ ಒಂದು ಉದಾಹರಣೆ ಕೊಡಿ. ಬಿಳಿ ಒಂಟೆ ಬಿ2ರಲ್ಲಿ ನಿಂತು ದೂರದ ಜಿ7ರ ಕಾಲಾಳಿನ ಮೇಲೆ ಕಣ್ಣಿಟ್ಟಿದೆ. ಕಪ್ಪು ಕಾಲಾಳು ಇ6ರಿಂದ ಇ5ಕ್ಕೆ ಬಂತು. ಒಂಟೆಗೆ ಈಗ ಜಿ7 ಕಾಣುತ್ತದೆಯೇ? ಇಲ್ಲ, ಆದರೆ ಇ5 ಕಾಣುತ್ತದೆ. ತೆರೆದದ್ದನ್ನು ಮರೆತರೆ ಏಟು ಬೀಳುತ್ತದೆ; ಮುಚ್ಚಿದ್ದನ್ನು ಮರೆತರೆ ಇಲ್ಲದ ಏಟಿಗೆ ಹೆದರಬೇಕಾಗುತ್ತದೆ.

ಎರಡು ನಡೆಗಿಂತ ಮುಂದೆ ಹೋಗುವಾಗ ನಡುವೆ ಒಮ್ಮೆ ನಿಲ್ಲಬೇಕು. ಹಿಂದೆ ತಲೆಹೊರೆ ಹೊತ್ತು ಸಂತೆಗೆ ನಡೆಯುವವರಿಗಾಗಿ ದಾರಿಯಲ್ಲಿ ಹೊರೆಗಲ್ಲು ನಿಲ್ಲಿಸುತ್ತಿದ್ದರಲ್ಲ, ಹಾಗೆ. ಎರಡು ನಡೆಯಾದ ಮೇಲೆ ಹೊರೆ ಇಳಿಸಿ, ಉಳಿದ ಕಾಯಿಗಳನ್ನೆಲ್ಲ ಅಳಿಲು ಸಾಲಿನಿಂದ ಹುಲಿ ಸಾಲಿನವರೆಗೆ ಒಮ್ಮೆ ಹೇಳಿ, ಮತ್ತೆ ಹೊರಡುವುದು. ಮುಂದಿನ ಎಣಿಕೆ ತಪ್ಪಿದರೆ ಮೊದಲಿಗೆ ಮರಳದೆ ಈ ಕಲ್ಲಿಗೆ ಮರಳಿದರೆ ಸಾಕು. ಜೊನಾಥನ್ ಟಿಸ್‌ಡಾಲ್ ಎಂಬ ಗ್ರ್ಯಾಂಡ್‌ಮಾಸ್ಟರ್ 1997ರ ತಮ್ಮ ಪುಸ್ತಕದಲ್ಲಿ ಹೊಳೆ ದಾಟುವಾಗ ಕಾಲಿಡುವ ಕಲ್ಲುಗಳ ಹೋಲಿಕೆಯಲ್ಲಿ ಇದನ್ನೇ ಹೇಳುತ್ತಾರೆ. ಎಲ್ಲ ಕವಲುಗಳನ್ನೂ ಮರದಂತೆ ಬಿಡಿಸಿ ಒಂದೊಂದನ್ನು ಒಂದೇ ಸಲ ನೋಡಬೇಕೆಂಬ ಅಲೆಕ್ಸಾಂಡರ್ ಕೊಟೊವ್ ಅವರ ಪ್ರಸಿದ್ಧ ಕ್ರಮ ಈ ವಯಸ್ಸಿಗೆ ಭಾರ. ಮೊದಲು ಚೆಕ್, ಆಮೇಲೆ ಹೊಡೆತ, ಆಮೇಲೆ ಬೆದರಿಕೆ, ಈ ಕ್ರಮದಲ್ಲಿ ಎರಡು ಮೂರು ನಡೆ ಆರಿಸಿಕೊಂಡರೆ ಧಾರಾಳವಾಯಿತು.

ಸರದಿ ಯಾರದು

ಎರಡನೆಯ ದೊಡ್ಡ ದೋಷ ಎದುರಾಳಿಯ ಸರದಿಯನ್ನು ನುಂಗುವುದು. ‘ನಾನು ಹೀಗೆ ಹೋಗ್ತೀನಿ, ಆಮೇಲೆ ಹೀಗೆ, ಆಮೇಲೆ ಮೇಟ್.’ ಕಾಲಾಳಿನ ಓಟದಲ್ಲಿ ಇದು ಚೆನ್ನಾಗಿ ಬಯಲಾಗುತ್ತದೆ. ಬಿಳಿಯ ಕಾಲಾಳು ಎ5ರಲ್ಲಿ, ರಾಜ ದೂರದ ಎಚ್1ರಲ್ಲಿ. ಕಪ್ಪು ರಾಜ ಇ5ರಲ್ಲಿ. ಕಾಲಾಳು ಮಂತ್ರಿಯಾಗುತ್ತದೆಯೇ? ಬೆರಳು ಮಡಚಿ ಎಣಿಸದೆ ಹೇಳುವ ಉಪಾಯವಿದೆ. ಎ5ರಿಂದ ಎ8ರವರೆಗಿನ ಉದ್ದದಷ್ಟೇ ಅಗಲದ ಚೌಕ ಎಳೆಯಿರಿ: ಎ5, ಎ8, ಡಿ8, ಡಿ5. ತನ್ನ ಸರದಿಯಲ್ಲಿ ರಾಜ ಈ ಚೌಕದೊಳಗೆ ಕಾಲಿಟ್ಟರೆ ಕಾಲಾಳು ಸಿಕ್ಕಿತು. ಕಪ್ಪಿನ ಸರದಿಯಾದರೆ ರಾಜ ಡಿ6ಕ್ಕೆ ಬಂದು ಹಿಡಿಯುತ್ತಾನೆ. ಬಿಳಿಯ ಸರದಿಯಾದರೆ ಕಾಲಾಳು ಎ6ಕ್ಕೆ ಹೋಗುತ್ತದೆ, ಚೌಕ ಕಿರಿದಾಗಿ ಸಿ ಸಾಲಿಗೆ ಸರಿಯುತ್ತದೆ, ರಾಜ ಹೊರಗೇ ಉಳಿಯುತ್ತಾನೆ. ಗುಂಡ್ಲುಪೇಟೆ ಕಡೆಯ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. 2009ರಿಂದ ರಾತ್ರಿ ಒಂಬತ್ತಕ್ಕೆ ಕಾಡಿನ ರಸ್ತೆಯ ಗೇಟು ಬೀಳುತ್ತದೆ, ಬೆಳಿಗ್ಗೆ ಆರರವರೆಗೆ ತೆರೆಯುವುದಿಲ್ಲ. ಒಂದು ನಿಮಿಷ ತಡವಾದ ಲಾರಿ ಎಲ್ಲಿ ನಿಲ್ಲುತ್ತದೆಂದು ಅವರು ಕಂಡವರೇ. (ಕಾಲಾಳು ಇನ್ನೂ ಎರಡನೇ ಸಾಲಿನಲ್ಲಿದ್ದರೆ ಮೊದಲ ನಡೆಗೆ ಎರಡು ಮನೆ ಹಾರಬಹುದು, ಚೌಕವನ್ನು ಮೂರನೇ ಸಾಲಿನಿಂದ ಎಳೆಯಬೇಕು.)

ಕೊನೆಯ ಅವಧಿಗೆ ರಿಚರ್ಡ್ ರೇಟಿ 1921ರಲ್ಲಿ ರಚಿಸಿದ ಸಮಸ್ಯೆ ಇಡಿ. ನಾಲ್ಕೇ ಕಾಯಿ, ಯಾರ ತಲೆಯಲ್ಲೂ ಹಿಡಿಯುತ್ತದೆ. ಬಿಳಿ ರಾಜ ಎಚ್8, ಕಾಲಾಳು ಸಿ6. ಕಪ್ಪು ರಾಜ ಎ6, ಕಾಲಾಳು ಎಚ್5. ಬಿಳಿಯ ನಡೆ, ಆಟ ಸಮವಾಗಬೇಕು. ಮೊದಲ ನೋಟಕ್ಕೆ ಆಸೆಯೇ ಇಲ್ಲ. ಎಚ್ ಸಾಲಿನ ಕಾಲಾಳನ್ನು ಹಿಡಿಯಲು ಬಿಳಿ ರಾಜ ಎರಡು ಹೆಜ್ಜೆ ಹಿಂದಿದ್ದಾನೆ, ತನ್ನ ಕಾಲಾಳಿಗೆ ಬೆಂಬಲ ಕೊಡಲೂ ದೂರವಿದ್ದಾನೆ. ಉತ್ತರ, ರಾಜ ಓರೆಯಾಗಿ ನಡೆಯುವುದು: ಜಿ7, ಆಮೇಲೆ ಎಫ್6. ಕಪ್ಪು ಕಾಲಾಳು ಅಷ್ಟರಲ್ಲಿ ಎಚ್4ಕ್ಕೆ ಬಂದಿದೆ. ಅದು ಎಚ್3ಕ್ಕೆ ಓಡಿದರೆ ರಾಜ ಇ7, ಕಾಲಾಳು ಎಚ್2, ಬಿಳಿ ಕಾಲಾಳು ಸಿ7, ಕಪ್ಪು ರಾಜ ಬಿ7, ಬಿಳಿ ರಾಜ ಡಿ7. ಇಬ್ಬರಿಗೂ ಮಂತ್ರಿ ಬರುತ್ತದೆ. ಕಪ್ಪು ರಾಜ ಬಿ6ಕ್ಕೆ ಬಂದು ಸಿ6ರ ಕಾಲಾಳನ್ನು ಬೆದರಿಸಿದರೆ ಬಿಳಿ ರಾಜ ಇ5. ಈಗ ಕಪ್ಪು ಆ ಕಾಲಾಳನ್ನು ಹೊಡೆದರೆ ರಾಜ ಎಫ್4ಕ್ಕೆ ಇಳಿದು ಇನ್ನೊಂದು ಕಾಲಾಳನ್ನು ಹಿಡಿಯುತ್ತಾನೆ. ಹೊಡೆಯದೆ ಎಚ್3ಕ್ಕೆ ಓಡಿದರೆ ರಾಜ ಡಿ6ಕ್ಕೆ ಹೋಗಿ ತನ್ನ ಕಾಲಾಳನ್ನು ಕಾಯುತ್ತಾನೆ. ಇಡೀ ತರಗತಿ ಎರಡು ಗುಂಪಾಗಿ ಒಂದು ಗುಂಪು ಬಿಳಿಯ ನಡೆ, ಇನ್ನೊಂದು ಕಪ್ಪಿನ ನಡೆ ಹೇಳಲಿ. ಸರದಿಯನ್ನು ನುಂಗುವುದು ಆಗ ಸಾಧ್ಯವೇ ಆಗುವುದಿಲ್ಲ. ಪೂರ್ತಿ ಉತ್ತರ ಬರಲೇಬೇಕೆಂದು ಹಟ ಬೇಡ. ಎಫ್6ರಲ್ಲಿ ಒಂದು ಹೊರೆಗಲ್ಲು ಇಟ್ಟು ಎರಡು ಕವಲುಗಳಲ್ಲಿ ಒಂದನ್ನು ತಪ್ಪಿಲ್ಲದೆ ಹೇಳಿದರೂ ಪಾಠ ನಿಂತಿತು.

ಮುಖ್ಯೋಪಾಧ್ಯಾಯರಿಗೆ ಏನು ಹೇಳುವುದು

ಚದುರಂಗಕ್ಕೆ ಅವಧಿ ಕೇಳುವಾಗ ‘ಇದರಿಂದ ಗಣಿತದ ಅಂಕ ಹೆಚ್ಚುತ್ತದೆ’ ಎಂದು ಹೇಳಿ ಒಪ್ಪಿಸುವ ಪ್ರಶಿಕ್ಷಣಾರ್ಥಿಗಳಿದ್ದಾರೆ. ಹಾಗೆ ಹೇಳಬಾರದು. ಇಂಗ್ಲೆಂಡಿನಲ್ಲಿ ನೂರು ಪ್ರಾಥಮಿಕ ಶಾಲೆಗಳಲ್ಲಿ ನಡೆದು 2016ರಲ್ಲಿ ವರದಿಯಾದ ಪ್ರಯೋಗದಲ್ಲಿ ಚದುರಂಗ ಕಲಿತ ಮಕ್ಕಳಿಗೂ ಕಲಿಯದವರಿಗೂ ಒಂದು ವರ್ಷದ ನಂತರ ಗಣಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಲಿಕೆಯ ವರ್ಗಾವಣೆ ಎಂಬ ಅಧ್ಯಾಯ ಓದಿದವರಿಗೆ ಇದು ಆಶ್ಚರ್ಯವೂ ಅಲ್ಲ. ಒಂದರಲ್ಲಿ ಪಳಗಿದ ಕೈ ಇನ್ನೊಂದರಲ್ಲಿ ತಾನಾಗಿ ಪಳಗುವುದಿಲ್ಲ. ಅಂಕದ ಆಸೆ ತೋರಿಸಿ ಪಡೆದ ಅವಧಿಯನ್ನು ಅಂಕ ಬರದಿದ್ದಾಗ ಕಿತ್ತುಕೊಳ್ಳುತ್ತಾರೆ, ನಷ್ಟವಾಗುವುದು ಮಕ್ಕಳಿಗೆ. ಮಕ್ಕಳು ಯೋಚಿಸುವುದನ್ನು ಗಟ್ಟಿಯಾಗಿ ಕೇಳಿಸಿಕೊಳ್ಳುವ ಅವಕಾಶ ಈ ಪಾಠದಲ್ಲಿ ಶಿಕ್ಷಕರಿಗಿದೆ. ಅದನ್ನು ಹೇಳಿ ಕೇಳಿದರೆ ಸಾಕು.

ದಾಖಲೆ ಪುಸ್ತಕದಲ್ಲಿ

ವೀಕ್ಷಣೆಗೆ ಬಂದವರು ‘ಮಕ್ಕಳು ಆಸಕ್ತಿಯಿಂದ ಭಾಗವಹಿಸಿದರು’ ಎಂದು ಬರೆದು ಹೋಗುತ್ತಾರೆ. ಈ ಪಾಠದಲ್ಲಿ ಅದರಿಂದ ಪ್ರಯೋಜನವಿಲ್ಲ. ಪ್ರತಿ ಮಗುವಿನ ಹೆಸರಿನ ಮುಂದೆ ಮೂರು ಬಗೆಯ ಗುರುತು ಹಾಕಿ. ಎದ್ದು ಹೋದ ಕಾಯಿಯನ್ನು ಹಳೆಯ ಮನೆಯಲ್ಲೇ ಕಂಡಿದ್ದರೆ ಒಂದು ಸೊನ್ನೆ. ಎದುರಾಳಿಯ ಸರದಿ ಬಿಟ್ಟಿದ್ದರೆ ಒಂದು ಅಡ್ಡಗೆರೆ. ಸತ್ತ ಕಾಯಿಯನ್ನು ಮತ್ತೆ ಆಡಿಸಿದ್ದರೆ ಒಂದು ಚುಕ್ಕಿ. ಸರಿಯುತ್ತರಗಳನ್ನು ಎಣಿಸುವುದು ಬೇಡ, ಊಹೆಯಿಂದಲೂ ಸರಿಯುತ್ತರ ಬರುತ್ತದೆ. ಎರಡನೇ ವಾರ ಪುಟ ತಿರುವಿ ನೋಡಿದಾಗ ಚುಕ್ಕಿಗಳು ಹೆಚ್ಚುಕಡಿಮೆ ಮಾಯವಾಗಿರುತ್ತವೆ, ಅಡ್ಡಗೆರೆ ಗುಂಪಿನ ಆಟದಿಂದ ಕಡಿಮೆಯಾಗಿರುತ್ತದೆ, ಸೊನ್ನೆಗಳು ಉಳಿದಿರುತ್ತವೆ.

ಸೊನ್ನೆ ಉಳಿದ ಮಗುವಿಗೆ ರೇಟಿಯ ಸಮಸ್ಯೆ ಕೊಡುವ ಆತುರ ಬೇಡ. ಮೊದಲಿನ ಸ್ಥಿತಿಯನ್ನೇ ಕನ್ನಡಿಯಲ್ಲಿ ತಿರುಗಿಸಿ ಕೊಡಿ. ಬಿಳಿ ರಾಜ ಬಿ1, ಆನೆ ಎಚ್1, ಕುದುರೆ ಎಚ್4, ಕಾಲಾಳುಗಳು ಎ2, ಬಿ2, ಸಿ2. ಕಪ್ಪು ರಾಜ ಬಿ8, ಆನೆ ಎಚ್8, ಕಾಲಾಳುಗಳು ಎ7, ಬಿ7, ಸಿ7, ಎಫ್5. ‘ಎಫ್5ನ್ನು ಹೊಡೆಯಬಹುದಾ?’ ಎಂದು ಕೇಳಿ, ಹೌದು ಅಲ್ಲ ಎಂಬ ಉತ್ತರಕ್ಕೆ ಕಿವಿಗೊಡದೆ, ಮೂರನೇ ವಾಕ್ಯ ಬರುವವರೆಗೆ ಕಾಯಿರಿ.